ಕಾರಿಗೆ ಕುಟ್ಟೆ ಹಿಡಿದದ್ದು

ನಮ್ಮ ವಂಶದಲ್ಲಿ ಬಗ್ಗದೆ ಅನ್ನ ಸಂಪಾದಿಸಿದ ಮೊದಲ ಬೆನ್ನು ನನ್ನದು. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ, ಮುಚ್ಚುಮರೆ ಏನಿಲ್ಲ. ನನ್ನ ಅಜ್ಜ ನಟ್ಟಿಗೆಂದು ಗದ್ದೆಗೆ ಬಗ್ಗಿದವನು ಕೊನೆಗಾಲದಲ್ಲಿ ನೆಟ್ಟಗಾಗಲೇ ಇಲ್ಲ. ಆಕಾಶದಲ್ಲಿ ಮೋಡವಿದೆಯೇ ಎಂದು ಯಾರಾದರೂ ಕೇಳಿದರೆ ಗದ್ದೆಯ ನೀರಿನಲ್ಲಿ ನೋಡಿ ಹೇಳುತ್ತಿದ್ದನಂತೆ. ಅಪ್ಪಯ್ಯ ಗದ್ದೆಯಲ್ಲಿ ಬಗ್ಗಿದ, ಒಡೆಯರ ಅಂಗಳದಲ್ಲಿ ಬಗ್ಗಿದ, ನಮ್ಮ ಮನೆಯ ಬಾಗಿಲು ಗಿಡ್ಡವಾದ್ದರಿಂದ ಸ್ವಂತ ಮನೆಗೆ ಬರುವಾಗಲೂ ಬಗ್ಗಿದ. ನಾನೊಬ್ಬ ಓದಿದೆ. ಹಾಸ್ಟೆಲ್ಲಿನ ಸಾರಿನಲ್ಲಿ ಬೇಳೆ ಹುಡುಕುತ್ತ ಹುಡುಕುತ್ತ ಸಂಶೋಧನೆಯ ಬುದ್ಧಿ ಬೆಳೆಸಿಕೊಂಡು ಬಿ.ಎಸ್ಸಿ. ಮಾಡಿದೆ, ರಿಪ್ಪನ್‌ಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದೆ. ಆದ ಮೇಲೆ ಬೆನ್ನಿನ ವಿಚಾರದಲ್ಲಿ ಬಹಳ ಕಟ್ಟುನಿಟ್ಟಾದೆ. ಕೈಜಾರಿ ಬಿದ್ದ ಸೀಮೆಸುಣ್ಣವನ್ನು ಕೂಡ ಬಗ್ಗಿ ಎತ್ತುತ್ತಿರಲಿಲ್ಲ, ಡಬ್ಬಿಯಿಂದ ಹೊಸದು ತೆಗೆಯುತ್ತಿದ್ದೆ. ವಿಜ್ಞಾನಕ್ಕೆ ಇಷ್ಟೊಂದು ಸೀಮೆಸುಣ್ಣ ಯಾಕೆ ಬೇಕು ಎಂದು ಹೆಡ್‌ಮಾಸ್ಟರು ಒಮ್ಮೆ ಕೇಳಿದಾಗ, ವಿಜ್ಞಾನ ಬೆಳೆಯುತ್ತಿದೆ ಸಾರ್ ಎಂದಿದ್ದೆ.

ಬಗ್ಗದವನಿಗೆ ಬರುವ ಕಷ್ಟವೇನೆಂದರೆ, ಪ್ರಪಂಚದ ಕೆಳಭಾಗ ಅವನ ಕಣ್ಣಿಗೆ ಬೀಳುವುದಿಲ್ಲ. ನೋಡಿದರೆ ಪ್ರಪಂಚದ ಕಿತಾಪತಿ ಎಲ್ಲ ಇರುವುದು ಕೆಳಗೇ. ಅಕ್ಕಿ ಮೂಟೆಯ ಕೆಳಗೆ, ಮಾವಿನಹಣ್ಣಿನ ಬುಟ್ಟಿಯ ಕೆಳಗೆ, ಹೆಂಡತಿ ಹಾಸಿದ ಚಾಪೆಯ ಕೆಳಗೆ. ಮತ್ತು ಕಾರಿನ ಕೆಳಗೆ.

ಕಾರು ನಮ್ಮ ಒಡೆಯರದು. ಒಡೆಯರೆಂದರೆ ಅಪ್ಪಯ್ಯ ಗೇಣಿಗೆ ಮಾಡುತ್ತಿದ್ದ ಗದ್ದೆಯ ಯಜಮಾನರು, ಹುಂಚದ ಆಚೆಗಿನ ಹಳೆಯ ಮನೆತನದವರು. ದೊಡ್ಡ ದನಿ, ದೊಡ್ಡ ಹೊಟ್ಟೆ, ಮನಸ್ಸೂ ಸುಮಾರಾಗಿ ದೊಡ್ಡದೇ. ಆ ಕಾರು ವಿಲಾಯಿತಿಯಿಂದ ಹಡಗಿನಲ್ಲಿ ಬಂದ ಕರಿಯ ಕಾರು. ಕಂಪನಿಯ ಹೆಸರು ಹೇಳುವುದಿಲ್ಲ, ಯಾಕೆಂದರೆ ತಪ್ಪು ಅವರದಲ್ಲ. ಅವರು ಅದನ್ನು ರಸ್ತೆಯಲ್ಲಿ ಓಡಿಸಲೆಂದು ಮಾಡಿದ್ದರು, ಒಡೆಯರು ಡ್ರೈವರನ ಕೈಲಿ ಹಳ್ಳದಲ್ಲಿ ಓಡಿಸಿದರು. ಅವರ ಮನೆಗೆ ಹೋಗುವ ದಾರಿಯಲ್ಲಿ ಸೇತುವೆಯಿಲ್ಲದ ಹಳ್ಳವೊಂದಿತ್ತು. ಕಾರನ್ನು ಅದರೊಳಕ್ಕೆ ಇಳಿಸುವುದು ಒಡೆಯರ ಕೆಲಸ, ಅದನ್ನು ಮೇಲಕ್ಕೆ ತರುವುದು ಅಪ್ಪಯ್ಯನ ಕೆಲಸ. ಅಪ್ಪಯ್ಯ ಹೆಗಲು ಕೊಟ್ಟು ‘ಐಸಾ’ ಎಂದು ಕೂಗಿದನೆಂದರೆ ಉಳಿದ ಆಳುಗಳು ‘ಹೈಸಾ’ ಎನ್ನುತ್ತ ತಳ್ಳುತ್ತಿದ್ದರು. ಕಾರನ್ನು ತೊಳೆಯುತ್ತಿದ್ದವನು ಅಪ್ಪಯ್ಯ, ದನದ ಕೊಟ್ಟಿಗೆಯ ಪಕ್ಕದ ಮಾಡಿನೊಳಗೆ ನೂಕಿ ನಿಲ್ಲಿಸುತ್ತಿದ್ದವನು ಅಪ್ಪಯ್ಯ, ಆಯುಧಪೂಜೆಯ ದಿನ ಅದರ ಮುಂದೆ ಬೂದುಗುಂಬಳ ಒಡೆಯುತ್ತಿದ್ದವನು ಅಪ್ಪಯ್ಯ. ಇನ್ನೂ ಏನೇನೋ ಸೇವೆ ಮಾಡುತ್ತಿದ್ದ. ಆ ‘ಏನೇನೋ’ ಏನೆಂದು ನಾನು ಆಗಲೇ ಕೇಳಿಬಿಟ್ಟಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಒಂದು ಕೆಲಸವನ್ನು ಮಾತ್ರ ಅಪ್ಪಯ್ಯ ಎಂದೂ ಮಾಡಿರಲಿಲ್ಲ. ಆ ಕಾರಿನೊಳಗೆ ಕೂತಿರಲಿಲ್ಲ. ಚಿಕ್ಕಂದಿನಲ್ಲಿ ನಾನೊಮ್ಮೆ, ನೀನು ಒಳಗೆ ಯಾವಾಗ ಕೂರುವುದು ಎಂದು ಕೇಳಿದ್ದೆ. “ನಾನು ಕೂತ್ರೆ ತಳ್ಳೋರು ಯಾರಾ?” ಎಂದಿದ್ದ. ಬಿ.ಎಸ್ಸಿ.ಯಲ್ಲಿ ಚಲನೆಯ ನಿಯಮಗಳನ್ನೆಲ್ಲ ಓದಿದ ಮೇಲೂ ಉತ್ತರ ಸಿಗಲಿಲ್ಲ. ಒಳಗೆ ಕೂತವನು ತಳ್ಳಿದರೆ ಕಾರು ಮುಂದೆ ಹೋಗುವುದಿಲ್ಲ ಎಂದೇ ಅವೂ ಹೇಳುತ್ತವೆ.

ಹೀಗಿರುವಾಗ ಒಡೆಯರು ಹೊಸ ಕಾರು ತಂದರು, ಹಳೆಯದನ್ನು ಕೊಡುತ್ತಾರೆಂದು ಸುದ್ದಿ ಬಂತು. ನನ್ನ ತಲೆಯಲ್ಲಿ ಒಂದೇ ಚಿತ್ರ ನಿಂತುಬಿಟ್ಟಿತು. ಅದೇ ಕಾರು, ಅದರ ಹಿಂದಿನ ಸೀಟು, ಅದರಲ್ಲಿ ಒಡೆಯರು ಕೂರುತ್ತಿದ್ದ ಬಲಮೂಲೆ, ಅಲ್ಲಿ ಅಪ್ಪಯ್ಯ. ಜನ ನೋಡಬೇಕು. ನೋಡಿ, ಚೌಡಪ್ಪನ ಮಗ ಬಿ.ಎಸ್ಸಿ. ಮಾಡಿದ್ದು ಸಾರ್ಥಕವಾಯಿತು ಎನ್ನಬೇಕು. ಎಷ್ಟು ಕೊಟ್ಟು ಕೊಂಡೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹೆಂಡತಿ ಸರೋಜ ಇದನ್ನು ಓದುತ್ತಾಳೆ, ಅವಳಿಗೆ ಹೇಳಿರುವ ಬೆಲೆಯೇ ಬೇರೆ.

ಕೊಂಡದ್ದು ಶನಿವಾರ. ಶನಿವಾರ ಕಬ್ಬಿಣ ಮನೆಗೆ ತರಬಾರದು, ಒಂದು ಮೊಳೆ ಕೂಡ ತರಬಾರದು ಎಂದು ಅವ್ವ ಬಾಗಿಲಿಗೆ ಅಡ್ಡ ನಿಂತಳು. ನಾನು ಅವಳಿಗೆ ಕಾರಿನಲ್ಲಿ ಕಬ್ಬಿಣ ಮಾತ್ರವಲ್ಲ, ರಬ್ಬರು, ಗಾಜು, ತೊಗಲು, ಮರ ಎಲ್ಲ ಇದೆ ಎಂದು ವಿವರಿಸಿದೆ. ಮುಂದೆ ನೋಡಿದರೆ ನಾನು ಹೇಳಿದ್ದೇ ಸತ್ಯವಾಗಿತ್ತು, ಅದರಲ್ಲಿ ಎಲ್ಲ ಇತ್ತು, ಕಬ್ಬಿಣವೊಂದು ಕಡಿಮೆ. ಒಡೆಯರಿಗೆ ಮಾತ್ರ ಶನಿವಾರ ಬಹಳ ಇಷ್ಟವಾಯಿತು. ಶನಿವಾರ ಕಬ್ಬಿಣ ಕೊಂಡವನ ಮನೆಗೆ ಶನಿ ಬರುತ್ತಾನಂತೆ. ಹಾಗಾದರೆ ಕೊಟ್ಟವನ ಮನೆಯಿಂದ ಹೋಗಲೇಬೇಕಲ್ಲ. ಅವರು ಕಾಫಿಯ ಜೊತೆ ಎರಡೆರಡು ಸಲ ಕೋಡುಬಳೆ ಹಾಕಿಸಿದರು.

ಪರೀಕ್ಷೆ ಮಾಡದೆ ಕೊಂಡೆನೆಂದು ತಿಳಿಯಬೇಡಿ. ಸಾಗರದಿಂದ ಬಾಬಣ್ಣನೆಂಬ ಮೆಕ್ಯಾನಿಕ್ಕನನ್ನು ಕರೆಸಿದ್ದೆ. ಜೋಗದ ಕಡೆ ಪವರ್‌ಹೌಸ್ ಕೆಲಸದ ಜೀಪುಗಳನ್ನೆಲ್ಲ ತಾನೇ ಬದುಕಿಸಿಟ್ಟಿದ್ದೇನೆ ಎನ್ನುವ ಮನುಷ್ಯ ಅವನು. ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟುಕೊಂಡು ಕಣ್ಣು ಮುಚ್ಚಿದ. ಡಾಕ್ಟರರೂ ಅಷ್ಟು ಹೊತ್ತು ಮುಚ್ಚುವುದಿಲ್ಲ. ಕೊನೆಗೆ, “ಕುದುರೆ ಸಾರ್ ಇದು, ಇನ್ನೂ ನಾಕು ಯಜಮಾನ್ರನ್ನ ಕಾಣ್ತದೆ” ಎಂದ. ಎದೆ ನೋಡಿದ, ಕಾಲು ನೋಡಲಿಲ್ಲ. ಕೆಳಗೆ ಒಮ್ಮೆ ನೋಡಬೇಕಲ್ಲ ಎಂದು ನನಗೇ ಅನ್ನಿಸಿತು. ಆದರೆ ಆವತ್ತು ನಾನು ಹಾಕಿದ್ದು ಹೊಸ ಟೆರಿಲಿನ್ ಪ್ಯಾಂಟು. ಅದರ ಇಸ್ತ್ರಿಯ ಗೆರೆ ಎಷ್ಟು ಬಗ್ಗಲು ಬಿಟ್ಟಿತೋ ಅಷ್ಟು ಬಗ್ಗಿ, ಮೊಣಕಾಲಿನ ಮೇಲೆ ಕೈಯೂರಿ ಇಣುಕಿದೆ. ಕಾರಿನ ಮೈಯೆಲ್ಲವನ್ನೂ ಹೊತ್ತಿರುವ ಉದ್ದನೆಯ ಕಬ್ಬಿಣದ ಚೌಕಟ್ಟು, ಬಾಬಣ್ಣನ ಭಾಷೆಯಲ್ಲಿ ಚಾಸಿ, ಆ ಕಡೆಯಿಂದ ಈ ಕಡೆಯವರೆಗೆ ಕರ್ರಗೆ ಮಿರಿಮಿರಿ ಮಿಂಚುತ್ತಿತ್ತು. ಮೇಲಿನ ಬಣ್ಣವೇ ಅಲ್ಲಲ್ಲಿ ಮಾಸಿರುವಾಗ ಕೆಳಗೆ ಇಂಥ ಕಪ್ಪು. ವಿಲಾಯಿತಿಯವರ ಕೆಲಸವೆಂದರೆ ಇದು, ಯಾರೂ ನೋಡದ ಕಡೆಗೂ ಇಂಥ ಬಣ್ಣ ಹೊಡೆದಿದ್ದಾರಲ್ಲ ಎಂದು ಮೆಚ್ಚಿಕೊಂಡೆ. “ನಿಮ್ಮಪ್ಪನ್ನ ಕೇಳಿ ಮೇಷ್ಟ್ರೇ, ಅದರ ಹೊಟ್ಟೆ ಅವನಿಗೆ ಗೊತ್ತಿದ್ದಷ್ಟು ನಂಗೂ ಗೊತ್ತಿಲ್ಲ” ಎಂದು ಒಡೆಯರು ಅಂದೇ ಅಂದರು. ನಾನು ಕೇಳಲಿಲ್ಲ. ಅವರು ನನ್ನನ್ನು ‘ಚೌಡನ ಮಗ’ ಎನ್ನದೆ ‘ಮೇಷ್ಟ್ರೇ’ ಎಂದದ್ದರಲ್ಲೇ ನನ್ನ ಕಿವಿ ತುಂಬಿಹೋಗಿತ್ತು.

ಕಾರು ಮನೆಗೆ ಬಂತು. ಬಂದ ಕೆಲವೇ ದಿನಗಳಲ್ಲಿ ಅದರ ಎಡಗಡೆಯ ಬಾಗಿಲು ಮುನಿಸಿಕೊಳ್ಳತೊಡಗಿತು. ಒಮ್ಮೊಮ್ಮೆ ಹಾಕಿದರೆ ಬೀಳುವುದಿಲ್ಲ, ಒಮ್ಮೊಮ್ಮೆ ಬಿದ್ದರೆ ತೆಗೆಯುವುದಿಲ್ಲ. ರಸ್ತೆಯ ಉಬ್ಬು ಹತ್ತಿ ಇಳಿದರೆ ತಾನಾಗಿ ತೆರೆದುಕೊಂಡು ದಾರಿಯಲ್ಲಿ ಹೋಗುವವರನ್ನು ಬನ್ನಿ ಎಂದು ಕರೆಯುತ್ತಿತ್ತು. ಸೊಸೈಟಿಯ ಗುಮಾಸ್ತರೊಬ್ಬರು ನಿಜವಾಗಿ ಕರೆಯುತ್ತಿದ್ದೇನೆಂದು ತಿಳಿದು ಹತ್ತಿಯೇಬಿಟ್ಟಿದ್ದರು. ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬಿಕೊಳ್ಳುವುದಿಲ್ಲವೇ, ಹಾಗೆ ಕಬ್ಬಿಣ ಬೇಸಿಗೆಯಲ್ಲಿ ಹಿಗ್ಗುತ್ತದೆ, ಉಷ್ಣದಿಂದ ಘನವಸ್ತುಗಳ ವ್ಯಾಕೋಚನೆ ಎಂದು ಸರೋಜಳಿಗೆ ಪಾಠ ಹೇಳಿದೆ. ಅವಳು ಪಾಠ ಕೇಳುತ್ತಲೇ ಬಾವಿಯ ಹಗ್ಗದ ತುಂಡೊಂದನ್ನು ತಂದು ಬಾಗಿಲನ್ನು ಸೀಟಿಗೆ ಕಟ್ಟಿದಳು. ಕಾರು ಓಡುವಾಗ ಎಡಕ್ಕೆ ಎಳೆಯುತ್ತಿತ್ತು. ರಿಪ್ಪನ್‌ಪೇಟೆಯಿಂದ ಹೋಗುವಾಗ ಒಡೆಯರ ಮನೆ ಎಡಕ್ಕೇ ಬರುವುದರಿಂದ, ಹಳೆಯ ಎತ್ತು ಹಳೆಯ ಕೊಟ್ಟಿಗೆಗೆ ಹೋಗಲು ಎಳೆಯುವಂತೆ ಎಳೆಯುತ್ತಿದೆ ಎಂದು ಗೆಳೆಯರಿಗೆ ಹೇಳಿ ನಗಿಸಿದೆ. ಎಲ್ಲದಕ್ಕೂ ನನ್ನ ಬಳಿ ಒಂದು ಕಾರಣವಿರುತ್ತಿತ್ತು. ಓದಿದವನ ಲಕ್ಷಣವೇ ಅದು. ಓದದವನು ಏನಾಗಿದೆಯೋ ನೋಡೋಣ ಎನ್ನುತ್ತಾನೆ. ಓದಿದವನು ಯಾಕಾಗಿದೆ ಎಂದು ಹೇಳಿ ಎದ್ದುಹೋಗುತ್ತಾನೆ.

ಇದಾದ ಮೇಲೆ ಪುಡಿ ಶುರುವಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಕಾರು ನಿಂತ ಕಡೆ ಕೆಂಪು ಪುಡಿಯ ಸಣ್ಣ ಸಣ್ಣ ಗುಪ್ಪೆ. ಅಂಗಳ ಗುಡಿಸುವ ಸರೋಜ ಎರಡು ದಿನ ಅದನ್ನು ಗುಡಿಸಿ ಹಾಕಿ ಮೂರನೆಯ ದಿನ ಒಳಗೆ ಬಂದು, “ಏನ್ರೀ, ನಿಮ್ಮ ಕಾರಿಗೆ ಕುಟ್ಟೆ ಹಿಡಿದಿದೆ” ಎಂದಳು. ಮರದ ತೊಲೆಯನ್ನು ಒಳಗೊಳಗೇ ಕೊರೆದು ಪುಡಿ ಉದುರಿಸುವ ಹುಳ ಕುಟ್ಟೆ. ನಾನು ನಕ್ಕ ನಗೆ ಪಕ್ಕದ ಮನೆಗೂ ಕೇಳಿಸಿರಬೇಕು. ಕಬ್ಬಿಣ ತಿನ್ನುವ ಹುಳವನ್ನು ವಿಜ್ಞಾನ ಇನ್ನೂ ಕಂಡುಹಿಡಿದಿಲ್ಲ, ನೀನು ಕಂಡುಹಿಡಿದಿದ್ದರೆ ನಿನ್ನ ಹೆಸರನ್ನೇ ಇಡೋಣ ಎಂದೆ. ಅದು ಹುಳುವೂ ಅಲ್ಲ ಏನೂ ಅಲ್ಲ, ರಸ್ತೆಯ ಕೆಮ್ಮಣ್ಣು. ನಮ್ಮ ಕಡೆಯ ಮಣ್ಣಿನ ಬಣ್ಣ ನಿಮಗೆ ಗೊತ್ತಲ್ಲ. ನಮ್ಮ ರಸ್ತೆ ಕೆಂಪು, ನಮ್ಮ ಗೋಡೆ ಕೆಂಪು, ಬೇಸಿಗೆಯಲ್ಲಿ ಬಿಳಿ ಪಂಚೆ ಉಟ್ಟು ಹೊರಟವನು ಕಾವಿ ಉಟ್ಟ ಸನ್ಯಾಸಿಯಾಗಿ ಊರು ಮುಟ್ಟುತ್ತಾನೆ. ಇಂಥ ಊರಿನಲ್ಲಿ ಕೆಂಪಾದ ಪುಡಿ ಕಂಡರೆ ಮಣ್ಣು ಎನ್ನದೆ ಮತ್ತೇನು ಎನ್ನುತ್ತಾರೆ? ಬಯಲುಸೀಮೆಯ ಕಪ್ಪು ನೆಲದಲ್ಲಿ ಇದ್ದಿದ್ದರೆ ನಾನು ಕೂಡಲೇ ಹಿಡಿದುಬಿಡುತ್ತಿದ್ದೆ ಎಂದು ಈಗಲೂ ವಾದಿಸುತ್ತೇನೆ. “ಮಣ್ಣು ನೆಲದಿಂದ ಕಾರಿಗೆ ಹತ್ತಬೇಕಲ್ಲ, ಇದು ಕಾರಿನಿಂದ ನೆಲಕ್ಕೆ ಬೀಳ್ತಿದೆಯಲ್ರೀ” ಎಂದಳು ಸರೋಜ. ಹತ್ತಿದ್ದೆಲ್ಲ ಒಂದು ದಿನ ಬೀಳಲೇಬೇಕು ಎಂದು ವೇದಾಂತ ಹೇಳಿ ಶಾಲೆಗೆ ಹೋದೆ.

ಶಾಲೆಯಲ್ಲಿ ಆ ವಾರ ನಾನು ಮಾಡುತ್ತಿದ್ದ ಪಾಠ ಯಾವುದು ಗೊತ್ತೇ? ತುಕ್ಕು. ಒಂದು ನಳಿಗೆಯಲ್ಲಿ ಒಣ ಮೊಳೆ, ಇನ್ನೊಂದರಲ್ಲಿ ಕುದಿಸಿ ಆರಿಸಿದ ನೀರಿನಲ್ಲಿ ಎಣ್ಣೆ ಹೊಯ್ದು ಮುಳುಗಿಸಿದ ಮೊಳೆ, ಮತ್ತೊಂದರಲ್ಲಿ ಬರೀ ನೀರಿನ ಮೊಳೆ. ಗಾಳಿಯೂ ನೀರೂ ಎರಡೂ ಸೇರಿದರೆ ಮಾತ್ರ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಕೆಂಪಾಗಿರುತ್ತದೆ, ಪುಡಿಯಾಗಿ ಉದುರುತ್ತದೆ ಎಂದು ಬೋರ್ಡಿನ ಮೇಲೆ ಬರೆಸಿದೆ. ಅದರ ಮುಂದಿನ ಪಾಠ ಶಾಯಿ ತಯಾರಿಸುವುದು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು, ಬೆರೆಸಿದರೆ ಒಗರೂ ಕಬ್ಬಿಣವೂ ಸೇರಿ ಕಡುಕಪ್ಪಾಗುತ್ತದೆ. ಇದಕ್ಕೆ ಉದಾಹರಣೆ ಕೊಡಲು ನಾನು ಪುಸ್ತಕ ನೋಡಬೇಕಾಗಿರಲಿಲ್ಲ. ಹಸಿ ಅಡಿಕೆ ಸುಲಿಯುವವರ ಕತ್ತಿಯೂ ಬೆರಳೂ ಕಪ್ಪಾಗುವುದು ಇದರಿಂದಲೇ, ನಮ್ಮ ಅಪ್ಪಯ್ಯನ ಕೈ ವರ್ಷದಲ್ಲಿ ಆರು ತಿಂಗಳು ಶಾಯಿಯ ಕೈ ಎಂದೆ. ಇಷ್ಟೆಲ್ಲ ಒಳ್ಳೆಯ ಪಾಠ ಹೇಳಿ, ಕೋಟು ಕೊಡವಿಕೊಂಡು, ಹೊರಗೆ ಬಂದು, ಹಗ್ಗ ಬಿಚ್ಚಿ, ಕಾರು ಹತ್ತಿ ಮನೆಗೆ ಹೋದೆ.

ಒಮ್ಮೆ ಹುಂಚದ ರಸ್ತೆಯಲ್ಲಿ ಟಯರು ಪಂಕ್ಚರಾಯಿತು. ಕಾರಿನ ಬದಿಗೆ ಜಾಕು ಇಟ್ಟು ತಿರುಗಿಸಿದೆ. ಜಾಕು ಮೇಲೆ ಹೋಯಿತು, ಕಾರು ಹೋಗಲಿಲ್ಲ. ಇನ್ನೂ ತಿರುಗಿಸಿದೆ. ಜಾಕು ಇನ್ನೂ ಮೇಲೆ ಹೋಯಿತು, ಕಾರು ಇದ್ದಲ್ಲೇ ಇತ್ತು. ಪಕ್ಕದಲ್ಲಿ ನಿಂತಿದ್ದ ಸರೋಜ, ಅದು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದಳು. ನೆಲ ಮೆತ್ತಗಿದೆ, ಜಾಕು ಹೂತುಹೋಗುತ್ತಿದೆ ಎಂದು ನಾನು ಅದರ ಕೆಳಗೊಂದು ಹಲಗೆ ಹಾಕಿದೆ. ಒಳಗೆಲ್ಲೋ ಹಪ್ಪಳ ಮುರಿದಂತೆ ಸದ್ದಾಯಿತು, ಒಂದು ಬೊಗಸೆ ಕೆಮ್ಮಣ್ಣು ಉದುರಿತು. ಕೊನೆಗೆ ಚಕ್ರದ ಅಚ್ಚಿಗೇ ಜಾಕು ಕೊಟ್ಟು ಕೆಲಸ ಮುಗಿಸಿದೆವು. ಆವತ್ತು ನಾನು ಆ ಬೊಗಸೆ ಪುಡಿಯನ್ನು ಬೆರಳಲ್ಲಿ ಮುಟ್ಟಿದ್ದರೂ ಸಾಕಿತ್ತು. ಆದರೆ ಮುಟ್ಟಲು ಬಗ್ಗಬೇಕಿತ್ತು.

ಆ ಬೇಸಿಗೆಯಲ್ಲಿ ತೀರ್ಥಹಳ್ಳಿಯಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ನೆಂಟರಿಷ್ಟರು ಎಲ್ಲ ಸೇರುತ್ತಾರೆ, ಒಡೆಯರಿಗೂ ಕರೆಯಿದೆ. ನಾನು ಕಾಯುತ್ತಿದ್ದ ಗಳಿಗೆ ಇದೇ. ಮದುವೆ ಮುಗಿಸಿ ಹಾಗೇ ಅವ್ವನ ತವರು ಮೇಗರವಳ್ಳಿಗೆ ಹೋಗುವುದು, ಅಲ್ಲಿಂದ ಆಗುಂಬೆಯ ಘಾಟಿ ಇಳಿದು ಅಪ್ಪಯ್ಯನಿಗೆ ಸಮುದ್ರ ತೋರಿಸುವುದು ಎಂದೆಲ್ಲ ಗೊತ್ತುಮಾಡಿಕೊಂಡಿದ್ದೆ. ಈ ಘಾಟಿಯ ವಿಚಾರ ನೆನಪಿನಲ್ಲಿಡಿ. ನಾನಂತೂ ಮರೆತಿಲ್ಲ.

ಅವ್ವನನ್ನು ಕೂರಿಸುವುದು ಸುಲಭವಾಯಿತು. ಶನಿವಾರದ ವಿಚಾರವನ್ನೆಲ್ಲ ಮರೆತು, ಕಾರಿನಲ್ಲೇ ಹುಟ್ಟಿ ಬೆಳೆದವಳ ಹಾಗೆ ಸೆರಗು ಸರಿಮಾಡಿಕೊಂಡು ಹೋಗಿ ಕೂತಳು. ಅಪ್ಪಯ್ಯ ಮಾತ್ರ ಕಾರಿನ ಹಿಂದೆ ಹೋಗಿ ನಿಂತ. ಬಾ ಹತ್ತು ಎಂದರೆ, ಮೊದಲು ಒಂಚೂರು ತಳ್ಳುತ್ತೇನೆ ಎಂದ. ಕಾರು ತಾನೇ ಹೊರಡುತ್ತದೆ ಎಂದೆ. ಹೊರಟರೂ ಇರಲಿ, ಅಭ್ಯಾಸ ಎಂದು ತಳ್ಳಿಯೇಬಿಟ್ಟ. ಆಮೇಲೆ ಕಾಲು ತೊಳೆದು ಬಂದ. ಮೆಟ್ಟನ್ನು ಅಂಗಳದಲ್ಲೇ ಬಿಟ್ಟ. ಒಳಗೆ ಬಂದವನು ಸೀಟು ಬಿಟ್ಟು ಕಾಲಿಡುವ ಜಾಗದಲ್ಲಿ ಕುಕ್ಕುರುಗಾಲಿನಲ್ಲಿ ಕೂತ. ಅವ್ವ ಬೈದು ಮೇಲೆ ಕೂರಿಸಿದಳು. ಒಡೆಯರು ಕೂರುತ್ತಿದ್ದ ಬಲಮೂಲೆಗೆ ಸರಿ ಎಂದೆ. ಸೀಟಿನ ತುದಿಯಲ್ಲಿ, ಹಕ್ಕಿ ಕೊಂಬೆಯ ಮೇಲೆ ಕೂತಂತೆ, ಯಾವಾಗ ಬೇಕಾದರೂ ಇಳಿಯಲು ತಯಾರಾಗಿ ಕೂತ. “ಎದುರಿಗೆ ಯಾರಾದ್ರೂ ದೊಡ್ಡೋರು ಬಂದ್ರೆ ನಿಲ್ಸಾ, ಇಳೀತೀನಿ” ಎಂದ. ನನಗೆ ಸಿಟ್ಟು ಬಂತು. ನನ್ನ ಬಿ.ಎಸ್ಸಿ.ಗೆ ಅವನನ್ನು ಸೀಟಿಗೆ ತರುವ ಶಕ್ತಿ ಇತ್ತೇ ಹೊರತು ಒರಗಿಸುವ ಶಕ್ತಿ ಇರಲಿಲ್ಲ.

ಕೋಣಂದೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ರಸ್ತೆಗೆ ಅಡ್ಡವಾಗಿ ಒಂದು ಮೋರಿ, ಅದರ ಮೇಲೊಂದು ಉಬ್ಬು. ಉಬ್ಬು ಹತ್ತಿದೆವು. ಒಣಬಿದಿರು ಸಿಗಿದಂಥ ಸದ್ದಾಯಿತು. ನಾನು ಕಾರು ಉಬ್ಬು ಇಳಿಯಲೆಂದು ಕಾದೆ, ಅದು ಇಳಿಯಲಿಲ್ಲ. ಮೂತಿಯನ್ನು ಮೇಲಕ್ಕೆತ್ತಿ, ಬಾಲವನ್ನೂ ಮೇಲಕ್ಕೆತ್ತಿ, ನಡು ನೆಲಕ್ಕೆ ಕೊಟ್ಟು, ಕೆರೆಯಲ್ಲಿ ಕೂತ ಎಮ್ಮೆಯ ಹಾಗೆ ನಡುರಸ್ತೆಯಲ್ಲಿ ಕೂತುಬಿಟ್ಟಿತು. ಹೊತ್ತಿದ್ದ ಚೌಕಟ್ಟು ನಡುವಿನಲ್ಲಿ ಎರಡೂ ಕಡೆ ತುಂಡಾಗಿತ್ತು. ನಿಧಾನವಾಗಿ ಹೋಗುತ್ತಿದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಬಾಗಿಲು ತೆಗೆಯಲು ಹೋದರೆ ನಾಲ್ಕೂ ಬಾಗಿಲು ಕಚ್ಚಿಕೊಂಡಿವೆ. ಇಷ್ಟು ದಿನ ಹಗ್ಗ ಕಟ್ಟಿದರೂ ನಿಲ್ಲದ ಬಾಗಿಲು ಈಗ ಕಾಲಲ್ಲಿ ಒದ್ದರೂ ಅಲುಗದು. ನಾನೂ ಸರೋಜಳೂ ಮುಂದಿನ ಕಿಟಕಿಗಳಿಂದ ಹೊರಗೆ ಬಂದೆವು. ಅವಳು ಬಂದ ರೀತಿಯನ್ನು ಬರೆಯಬಾರದೆಂದು ತಾಕೀತಾಗಿದೆ. ನಾನು ಬಂದ ರೀತಿಯಲ್ಲಿ ಟೆರಿಲಿನ್ ಪ್ಯಾಂಟಿನ ಇತಿಹಾಸ ಮುಗಿಯಿತು. ಹಿಂದೆ ಕೂತವರಿಗೆ ಆ ದಾರಿಯೂ ಇರಲಿಲ್ಲ. ಮುಂದಿನ ಸೀಟು ಹಿಂದಕ್ಕೆ ವಾಲಿ ಅವರ ಮೊಣಕಾಲಿಗೆ ಬೇಲಿ ಹಾಕಿತ್ತು, ಹಿಂದಿನ ಕಿಟಕಿಯ ಗಾಜು ಅರ್ಧ ಮಾತ್ರ ಇಳಿಯುತ್ತಿತ್ತು. ಪೆಟ್ಟಾಯಿತಾ ಎಂದು ಕೇಳಿದೆ. ಇಲ್ಲ, ಆದರೆ ಇಳಿಯಬೇಕು, ತಳ್ಳಬೇಕಲ್ಲ ಎಂದ ಅಪ್ಪಯ್ಯ.

ಆಗ ಹಿಂದಿನಿಂದ ಹಾರನ್ನು ಕೇಳಿಸಿತು. ಒಡೆಯರ ಹೊಸ ಕಾರು. ಅದರ ಹಿಂದೆಯೇ ತೀರ್ಥಹಳ್ಳಿಯ ಬಸ್ಸು. ನಮ್ಮ ಕಾರು ದಾರಿ ಬಿಡದೆ ಯಾರೂ ಮುಂದೆ ಹೋಗುವಂತಿಲ್ಲ. ಒಡೆಯರು ಇಳಿದು ಬಂದರು. ಅವರನ್ನು ಕಂಡ ಅಪ್ಪಯ್ಯ ಸೀಟಿನಿಂದೆದ್ದ. ಏಳಲು ಜಾಗವಿಲ್ಲ. ತಲೆ ಚಾವಣಿಗೆ ಬಡಿಯಿತು. ಕತ್ತು ಬಗ್ಗಿಸಿ, ಮೊಣಕಾಲು ಅರ್ಧ ಮಡಿಸಿ, ಆ ಅವಸ್ಥೆಯಲ್ಲೇ ಕೈಮುಗಿದು ನಿಂತ. ಜೀವಮಾನದಲ್ಲಿ ಅವನು ಅಷ್ಟು ಬಗ್ಗಿದ್ದನ್ನು ನಾನು ನೋಡಿರಲಿಲ್ಲ. ಯಾರನ್ನು ಬಗ್ಗದ ಹಾಗೆ ಕೂರಿಸಬೇಕೆಂದು ಇಷ್ಟೆಲ್ಲ ಮಾಡಿದೆನೋ ಅವನು ನನ್ನದೇ ಕಾರಿನಲ್ಲಿ ಕತ್ತರಿಯಾಗಿ ನಿಂತಿದ್ದ. ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತು. ಆದರೆ ಆವತ್ತು ಬಾಯಿಬಿಡುವ ಕೆಲಸವನ್ನೆಲ್ಲ ಕಾರೇ ಮಾಡಿ ಮುಗಿಸಿತ್ತು.

“ತಪ್ಪಾತು ಒಡೇರೆ, ಬಾಗ್ಲು ಬರ್ತಾ ಇಲ್ಲ. ಇಳೀತೀನಿ” ಎಂದ ಅಪ್ಪಯ್ಯ.

“ಎಲ್ಲಿಗೆ ಇಳೀತೀಯ ಮಾರಾಯ? ಕೂತ್ಕ. ನೀನು ಎದ್ರೆ ಅದು ಇನ್ನೂ ಕುಸೀತದೆ.”

ಹಾಗಾಗಿ ಅಪ್ಪಯ್ಯ ಕೂತ. ಒಡೆಯರು ಬಸ್ಸಿನಿಂದ ಇಳಿದ ಜನರನ್ನು ನೋಡಿದರು, ಮೋರಿಯನ್ನು ನೋಡಿದರು, ಉಸಿರು ಬಿಟ್ಟು ಪಂಚೆಯನ್ನು ಎತ್ತಿ ಕಟ್ಟಿದರು. ಎಲ್ಲರಿಗಿಂತ ಮುಂಚೆ ಹೋಗಿ ಕಾರಿನ ಹಿಂದೆ, ಅಪ್ಪಯ್ಯ ಯಾವಾಗಲೂ ನಿಲ್ಲುತ್ತಿದ್ದ ಎಡಮೂಲೆಯಲ್ಲೇ ನಿಂತರು. ಕಂಡಕ್ಟರು, ಬಸ್ಸಿನ ನಾಲ್ಕಾರು ಮಂದಿ, ಹರಿದ ಪ್ಯಾಂಟಿನ ನಾನು, ಎಲ್ಲರೂ ಬಗ್ಗಿ ತಳ್ಳಿದೆವು. ಕಾರು ಅಲುಗಲಿಲ್ಲ. ಒಳಗಿನಿಂದ ಅಪ್ಪಯ್ಯ ಹಿಂದಿನ ಗಾಜಿನಲ್ಲಿ ನೋಡುತ್ತ ಚಡಪಡಿಸುತ್ತಿದ್ದ. ಎಷ್ಟಾದರೂ ಆ ಕಾರನ್ನು ತಳ್ಳುವುದರಲ್ಲಿ ತಾಲ್ಲೂಕಿಗೇ ಹಿರಿಯನಲ್ಲವೇ? ಕೊನೆಗೆ ತಡೆಯಲಾರದೆ ಅರ್ಧ ಇಳಿದ ಕಿಟಕಿಗೆ ಬಾಯಿಟ್ಟು ಹೇಳಿಯೇಬಿಟ್ಟ.

“ಅಂಗೈ ಅಲ್ಲ ಒಡೇರೆ, ಹೆಗ್ಲು ಕೊಡಿ. ಹಾಂ, ಒಂಚೂರು ಬಗ್ಗಿ. ಇನ್ನೂ ಒಂಚೂರು.”

ಒಡೆಯರು ಇನ್ನೂ ಒಂಚೂರು ಬಗ್ಗಿದರು. ಅಪ್ಪಯ್ಯ ಒಳಗಿನಿಂದ ‘ಐಸಾ’ ಎಂದ, ಹೊರಗಿನಿಂದ ಒಡೆಯರು ‘ಹೈಸಾ’ ಎಂದರು. ಕಾರು ನೆಲ ಕೆರೆಯುತ್ತ, ಕಿರುಗುಡುತ್ತ, ರಸ್ತೆಯ ಪಕ್ಕಕ್ಕೆ ಹೋಯಿತು. ಗಾಜಿನೊಳಗೆ ನೋಡಿದೆ. ಕೂಗಿದ ಭರದಲ್ಲಿ ಅಪ್ಪಯ್ಯ ತನಗೆ ಗೊತ್ತಿಲ್ಲದೆಯೇ ಹಿಂದಕ್ಕೆ ಒರಗಿಕೊಂಡಿದ್ದ. ಬಲಮೂಲೆಯಲ್ಲಿ, ಒಂದು ಕೈಯನ್ನು ಸೀಟಿನ ಮೇಲೆ ಚಾಚಿ, ಥೇಟು ಒಡೆಯರ ಹಾಗೆ.

ಬಸ್ಸಿನವರ ಹಾರೆ ತಂದು ಬಾಗಿಲು ಮೀಟಿದೆವು. ಇಳಿದ ಅಪ್ಪಯ್ಯ ಮಾಡಿದ ಮೊದಲ ಕೆಲಸವೆಂದರೆ ನೆಲದ ಮೇಲೆ ಒರಗಿ ಕಾರಿನ ಕೆಳಗೆ ತಲೆ ಹಾಕಿದ್ದು. ಅವನ ಪಕ್ಕದಲ್ಲಿ ಒಡೆಯರೂ ಕುಕ್ಕರಿಸಿದರು. ಪ್ಯಾಂಟು ಹೇಗೂ ಹೋಗಿತ್ತು, ನಾನೂ ಮಲಗಿದೆ. ಮಿರಿಮಿರಿ ಕಪ್ಪಿನ ಚೌಕಟ್ಟು ಮುರಿದ ಕಡೆ ಬಾಯಿ ತೆರೆದಿತ್ತು. ಅದು ಒಳಗೆ ಪೊಳ್ಳಾದ, ಡಬ್ಬಿಯಂಥ ಕಬ್ಬಿಣ. ಕಾಗದದಷ್ಟು ತೆಳ್ಳಗಿನ ಕಪ್ಪು ಸಿಪ್ಪೆಯೊಳಗೆ ಹಳ್ಳದ ಕೆಸರು, ಹಳೆಯ ತರಗೆಲೆ, ಮಿಕ್ಕಿದ್ದೆಲ್ಲ ಕೆಂಪು ಪುಡಿ. ಸರೋಜಳ ಕುಟ್ಟೆ.

“ಅಲ್ಲ ಚೌಡ, ವರ್ಷಾ ವರ್ಷಾ ಚೊಗರು ಹೊಡೀತಿದ್ಯಲ್ಲ?” ಎಂದರು ಒಡೆಯರು.

“ಹೊಡ್ದಿದ್ದೆ ಒಡೇರೆ. ನನ್ನ ಕೈ ಹೋದಲ್ಲೆಲ್ಲ ಹೊಡ್ದಿದ್ದೆ. ಒಳಗೆ ಕೈ ಹೋಗ್ಲಿಲ್ಲ” ಎಂದ ಅಪ್ಪಯ್ಯ.

ಚೊಗರೆಂದರೆ ಅಡಿಕೆ ಬೇಯಿಸಿ ಬೇಯಿಸಿ ಉಳಿದ, ಮಂದವಾದ ಒಗರು ನೀರು. ಬುಟ್ಟಿಗೆ ಬಳಿದರೆ ಬುಟ್ಟಿ ಬಾಳಿಕೆ ಬರುತ್ತದೆಂದು ನಮ್ಮ ಕಡೆ ಬಳಿಯುತ್ತಾರೆ. ಬುಟ್ಟಿಗೆ ಆಗುವುದು ಕಾರಿಗೆ ಯಾಕಾಗಬಾರದು ಎಂದು ಒಡೆಯರಿಗೆ ತೋರಿತು, ಅಡಿಕೆ ಕೆಲಸ ಮುಗಿದಾಗಲೆಲ್ಲ ಉಳಿದ ಚೊಗರನ್ನು ಅಪ್ಪಯ್ಯ ಕಾರಿನ ಅಡಿಗೆ ಬಳಿಯುತ್ತ ಬಂದ. ಇದೇ ಆ ‘ಏನೇನೋ’. ಕೆಂಪು ತುಕ್ಕಿನ ಮೇಲೆ ಒಗರು ಬಿದ್ದು ಕಡುಕಪ್ಪಾಗುತ್ತ ಬಂತು. ಯಾರೂ ಮೋಸ ಮಾಡಿರಲಿಲ್ಲ. ವಿಲಾಯಿತಿಯ ಬಣ್ಣವೆಂದು ನಾನು ಮೆಚ್ಚಿದ್ದು ನಮ್ಮಪ್ಪಯ್ಯ ಹೊಡೆದ ಶಾಯಿ. ಹತ್ತನೇ ತರಗತಿಗೆ ಎರಡು ಪಾಠವಾಗಿ ನಾನೇ ಹೇಳಿದ್ದನ್ನು ಕಾರು ಒಂದೇ ಪಾಠದಲ್ಲಿ ಮುಗಿಸಿತ್ತು. ಮುಂಚೆ ಯಾಕೆ ಹೇಳಲಿಲ್ಲ ಎಂದು ಅಪ್ಪಯ್ಯನನ್ನು ಕೇಳಿದೆ. ಓದಿದವನು ನೀನು, ಬಗ್ಗಿ ನೋಡಿದ್ದೆಯಲ್ಲ ಎಂದ. ವ್ಯಂಗ್ಯವಲ್ಲ, ಅವನಿಗೆ ಅದು ಬರುವುದಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದ.

ಹಳೆಯ ಕಾರು ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ಮೇಲಿನ ತುಕ್ಕು ಕಂಡರೆ ಹೆದರಬೇಡಿ, ಅದು ಮರ್ಯಾದಸ್ಥ ತುಕ್ಕು, ಕಣ್ಣೆದುರು ಬಂದು ನಿಲ್ಲುತ್ತದೆ. ಕಾಣದಿರುವ ತುಕ್ಕಿಗೆ ಹೆದರಿ. ಕೆಳಗೆ ಮಲಗಿ, ಸುತ್ತಿಗೆಯಿಂದ ತಟ್ಟಿ, ಗಟ್ಟಿ ಸದ್ದು ಬರುತ್ತದೋ ಪೊಳ್ಳು ಸದ್ದೋ ಕೇಳಿ. ಬಾಗಿಲು ಮುನಿದರೆ ಬಾಗಿಲನ್ನು ಬೈಯಬೇಡಿ, ಅದನ್ನು ಹೊತ್ತವರನ್ನು ವಿಚಾರಿಸಿ. ಆ ಮೋರಿಯ ಉಬ್ಬು ಅಲ್ಲಿ ಇರದಿದ್ದರೆ ಮಾರನೆಯ ದಿನ ನಾವು ಆಗುಂಬೆಯ ತಿರುವುಗಳಲ್ಲಿ ಇಳಿಯುತ್ತಿದ್ದೆವು. ಅದನ್ನು ನೆನೆದರೆ ನನಗೆ ಈಗಲೂ ಹಾಸ್ಯ ಹೊಳೆಯುವುದಿಲ್ಲ. ಆ ಮೋರಿ ಕಟ್ಟಿದ ಕಂಟ್ರಾಕ್ಟರು ಯಾರೋ, ಅವನ ಕಳಪೆ ಕೆಲಸಕ್ಕೆ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಹಣ್ಣುಕಾಯಿ ಸಲ್ಲುತ್ತದೆ.

ಅಪ್ಪಯ್ಯ ಅವ್ವ ಸರೋಜ ಮೂವರನ್ನೂ ಒಡೆಯರು ತಮ್ಮ ಹೊಸ ಕಾರಿನಲ್ಲಿ ಕರೆದುಕೊಂಡು ಹೋದರು. ಹತ್ತುವ ಮೊದಲು ಅವ್ವ, “ಇದು ಗಟ್ಟಿ ಇದ್ಯಾ ಒಡೇರೆ?” ಎಂದು ಕೇಳಿಯೇ ಹತ್ತಿದಳು. ಜಾಗವಿಲ್ಲದ್ದರಿಂದ ನಾನು ಬಸ್ಸಿನಲ್ಲಿ ಹೋದೆ. ಬಸ್ಸು ತುಂಬಿತ್ತು, ಚಾವಣಿ ತಗ್ಗಾಗಿತ್ತು, ತೀರ್ಥಹಳ್ಳಿಯವರೆಗೂ ನಮ್ಮ ವಂಶದ ಮೊದಲ ನೆಟ್ಟನೆಯ ಬೆನ್ನು ಬಗ್ಗಿಕೊಂಡೇ ನಿಂತಿತ್ತು. ನಾನು ಮುಟ್ಟುವ ಹೊತ್ತಿಗೆ ಮದುವೆಮನೆಗೆ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ಅಪ್ಪಯ್ಯನ ಸುತ್ತ ಜನವೋ ಜನ. ಅವನು ಸಂಕೋಚದಿಂದ ಮುದುಡಿ, ಬಾಗಿಲು ಬರಲಿಲ್ಲ, ಅದಕ್ಕೇ ಕೂತಿದ್ದೆ ಎಂದು ಹೇಳಿದಷ್ಟೂ ಜನ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಒಡೆಯರು.

ಅಂದಿನಿಂದ ನನ್ನನ್ನು ಈ ಕಡೆ ಯಾರೂ ಬಿ.ಎಸ್ಸಿ. ಮೇಷ್ಟ್ರು ಎನ್ನುವುದಿಲ್ಲ. ಒಡೆಯರ ಕೈಲಿ ಕಾರು ತಳ್ಳಿಸಿದ ಚೌಡಪ್ಪನ ಮಗ ಎನ್ನುತ್ತಾರೆ. ಅಪ್ಪಯ್ಯನಿಗೆ ನನ್ನಿಂದ ಹೆಸರು ಬರಲಿ ಎಂದುಕೊಂಡಿದ್ದೆ, ನನಗೇ ಅವನಿಂದ ಬಂತು. ಈಗ ನಾನು ಬಸ್ಸಿನಲ್ಲೇ ಓಡಾಡುತ್ತೇನೆ. ಹತ್ತುವ ಮೊದಲು ಒಮ್ಮೆ ಬಗ್ಗಿ, ಪೂರಾ ಬಗ್ಗಿ, ಬಸ್ಸಿನ ಅಡಿಯನ್ನು ನೋಡುತ್ತೇನೆ. ಮೊನ್ನೆ ಹೊಸ ಕಂಡಕ್ಟರೊಬ್ಬ, “ಎಂತ ಮೇಷ್ಟ್ರೇ, ಎಂತಾರೂ ಬಿತ್ತಾ?” ಎಂದು ಕೇಳಿದ.

“ಇನ್ನೂ ಬಿದ್ದಿಲ್ಲ ಮಾರಾಯ, ಅದನ್ನೇ ನೋಡ್ತಾ ಇದ್ದೆ” ಎಂದೆ.